ವಿದಾಯ ತಡವಾಗದಂತೆ ಕಾಯುವ ಕಜೆಟನ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾಪುವಿನ ಒಂದು ಸಣ್ಣ ಮನೆಯ ಒಳಕೋಣೆಯಲ್ಲಿ ಕಂಪ್ಯೂಟರ್ ರಿಪೇರಿಯ ಕಜೆಟನ್ ಹಳೆಯ ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. ಪಕ್ಕದ ಮಂಚದಲ್ಲಿ ಬಸ್ ಚಾಲಕ ಆಂಡ್ರ್ಯೂ ಅಂಗಾತ ಮಲಗಿದ್ದಾರೆ. ಬೆನ್ನುಮೂಳೆಯ ಆಪರೇಷನ್ ಆಗಿ ವಾರವೂ ಕಳೆದಿಲ್ಲ. ಅಲುಗಾಡಕೂಡದೆಂದು ಡಾಕ್ಟರರ ಕಟ್ಟಪ್ಪಣೆ. ತಾಯಿಯಿಲ್ಲದ ಅವರನ್ನು ಸಾಕಿದ ಅಕ್ಕ ಬೆನೆಡಿಕ್ಟಾ ಮೊನ್ನೆ ಅಜೆಕಾರಿನಲ್ಲಿ ತೀರಿಕೊಂಡರು. ಇವತ್ತು ಮಧ್ಯಾಹ್ನದ ಮೇಲೆ ಅಲ್ಲಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಅಂತ್ಯಕ್ರಿಯೆ. ತಮ್ಮನಿಗೆ ಅಕ್ಕನ ಮುಖ ಕೊನೆಯ ಸಲ ಕಾಣಬೇಕಾದದ್ದು ಈ ಪರದೆಯ ಮೇಲೆ.

"ಮ್ಯಾಥ್ಯೂ, ಈಗ ಬಾರಿಸಿ," ಎಂದು ಕಜೆಟನ್ ಫೋನಿನಲ್ಲಿ ಹೇಳುತ್ತಾರೆ. ಆ ಇಗರ್ಜಿಯಲ್ಲಿ ನೇರಪ್ರಸಾರ ನೋಡಿಕೊಳ್ಳುವ ಮ್ಯಾಥ್ಯೂ ಕ್ಯಾಮೆರಾದೆದುರು ಪೂಜೆಯ ಕೈಗಂಟೆ ಅಲ್ಲಾಡಿಸುತ್ತಾರೆ. ಫೋನಿನಲ್ಲಿ ಗಂಟೆ ಕೇಳುತ್ತದೆ. ಪರದೆಯ ಮೇಲೆ ಮ್ಯಾಥ್ಯೂ ಇನ್ನೂ ಸುಮ್ಮನೆ ನಿಂತಿದ್ದಾರೆ. ತುಂಬಾ ಹೊತ್ತಾದ ಮೇಲೆ ಅದೇ ಗಂಟೆ ಕಂಪ್ಯೂಟರಿನಲ್ಲಿ ಕೇಳುತ್ತದೆ. "ಇದು ಬೇಡ," ಎನ್ನುತ್ತ ಕಜೆಟನ್ ಆ ವಿಡಿಯೊ ಪ್ಲೇಯರ್ ಮುಚ್ಚಿ ಇನ್ನೊಂದನ್ನು ತೆರೆಯುತ್ತಾರೆ. ಮತ್ತೆ ಗಂಟೆ, ಮತ್ತೆ ಕಾಯುವಿಕೆ.

ಸಂತೆಕಟ್ಟೆಯ ಹೆದ್ದಾರಿ ಬದಿಯಲ್ಲಿ, ಮೊಬೈಲ್ ಅಂಗಡಿಯೊಂದರ ಹಿಂದೆ ಕಜೆಟನ್‌ರ ರಿಪೇರಿ ಅಂಗಡಿ. ಬೋರ್ಡು ಕೂಡ ಇಲ್ಲ. ಮಣಿಪಾಲದ ವಿದ್ಯಾರ್ಥಿಗಳು ಬಿಟ್ಟುಹೋದ ಕಂಪ್ಯೂಟರುಗಳಿಗೆ ಇಲ್ಲಿ ಮರುಜೀವ. ಕೊಂಡವರಿಗೆಲ್ಲ ಒಂದು ಪ್ರಶ್ನೆ ತಪ್ಪಿದ್ದಲ್ಲ: "ಇದರಲ್ಲಿ ಎಂತ ನೋಡುವುದು?" ಅಲೆವೂರಿನ ಯಕ್ಷಗಾನದ ಹುಚ್ಚಿನವರಿಗೆ ವಿಡಿಯೊವನ್ನು ಮೊದಲೇ ತುಂಬಿಟ್ಟುಕೊಂಡು ತಡವರಿಸದೆ ತೋರಿಸುವ ಪ್ಲೇಯರ್. ಧಾರಾವಾಹಿ ನೋಡುವವರಿಗೆ ಬ್ರೌಸರೇ ಸಾಕು, ಜಾಹೀರಾತು ಬಂದಾಗ ಒಲೆಯ ಮೇಲಿನ ಹಾಲು ನೋಡಿ ಬರಬಹುದು ಎಂದು ತಮಾಷೆ ಮಾಡುತ್ತಾರೆ. ಸಾವಿನ ಮನೆಗೆ ಮಾತ್ರ ಅವರು ಹಾಕಿಕೊಡುವುದು ನೋಡಲು ಚಂದವಿಲ್ಲದ, ಆಗಾಗ ಸಿಕ್ಕಿಕೊಳ್ಳುವ ಒಂದು ಹಗುರ ಪ್ಲೇಯರ್. "ತುಂಬಿಟ್ಟುಕೊಳ್ಳುವ ಪ್ಲೇಯರ್ ಎಲ್ಲವನ್ನೂ ತಡವಾಗಿ ತೋರಿಸುತ್ತದೆ. ಇದು ಏನನ್ನೂ ತುಂಬಿಟ್ಟುಕೊಳ್ಳುವುದಿಲ್ಲ. ಬಂದದ್ದನ್ನು ಬಂದ ಹಾಗೆ ತೋರಿಸುತ್ತದೆ. ನಿಂತರೆ ನಿಲ್ಲಲಿ ಮಾರಾಯ್ರೆ, ತಡ ಆಗಬಾರದು."

ಈ ಪಾಠ ಅವರಿಗೆ ಬಂದದ್ದು ಕುವೈತಿನಲ್ಲಿ. ಅಲ್ಲಿ ಗೋದಾಮೊಂದರಲ್ಲಿ ಕೆಲಸಕ್ಕಿದ್ದಾಗ ತಾಯಿ ತೀರಿಕೊಂಡರು, ರಜೆ ಸಿಗಲಿಲ್ಲ. ಆಫೀಸಿನ ಕಂಪ್ಯೂಟರಿನಲ್ಲಿ, ಎಲ್ಲೂ ಕಡಿಯದ ಒಳ್ಳೆಯ ಪ್ಲೇಯರ್ ಹುಡುಕಿ ಅಂತ್ಯಕ್ರಿಯೆ ನೋಡಿದರು. ಶವಪೆಟ್ಟಿಗೆ ಮುಚ್ಚುವ ಮೊದಲು ಮನೆಯವರು ಒಬ್ಬೊಬ್ಬರಾಗಿ ಮುಖ ನೋಡಿ ವಿದಾಯ ಹೇಳುವುದು ರೂಢಿ. ತಮ್ಮ ಕಾರ್ಲ್ ಫೋನನ್ನು ತಾಯಿಯ ಕಿವಿಯ ಬಳಿ ಹಿಡಿದ. ಪರದೆಯಲ್ಲಿ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು, ಕಜೆಟನ್ ಮನಸ್ಸು ಬಿಚ್ಚಿ ಮಾತಾಡಿದರು.

"ಊರಿಗೆ ಬಂದ ಮೇಲೆ ಕಾರ್ಲ್ ಹೇಳಿದ. ನಾನು ಬಾಯಿ ತೆರೆಯುವಾಗ ಅಲ್ಲಿ ಮುಚ್ಚಳ ಹಾಕಿ ಆಗಿತ್ತಂತೆ. ಪಾಪ, ಅವನಿಗೆ ನನ್ನನ್ನು ತಡೆಯಲು ಮನಸ್ಸು ಬರಲಿಲ್ಲ," ಎನ್ನುವಾಗ ಕಜೆಟನ್ ಕಿಟಕಿಯ ಕಡೆ ತಿರುಗುತ್ತಾರೆ. "ನಾನು ಮಾತಾಡಿದ್ದು ಮರದ ಹಲಗೆಗೆ."

ಮಧ್ಯಾಹ್ನ ಕಳೆದಿದೆ. ಹಗುರ ಪ್ಲೇಯರ್ ಹಾಕಿದರೂ ಫೋನಿನ ಗಂಟೆಗೂ ಪರದೆಯ ಗಂಟೆಗೂ ನಡುವೆ ಸ್ವಲ್ಪ ಅಂತರ ಉಳಿದೇ ಇದೆ. ಅಷ್ಟು ಸಮಯವನ್ನು ಯಾವ ಸಾಫ್ಟ್‌ವೇರೂ ಕೊಡುವುದಿಲ್ಲ, ಮನುಷ್ಯರೇ ಕೊಡಬೇಕು. ಅದಕ್ಕೆ ಕಜೆಟನ್ ಮೊದಲೇ ಫಾದರ್ ಹತ್ತಿರ ಕೇಳಿಕೊಂಡಿದ್ದಾರೆ: ನನ್ನ ಮಾತು ಬರುವವರೆಗೆ ಮುಚ್ಚಬೇಡಿ. ಮುಚ್ಚಳದ ಬಳಿ ಮ್ಯಾಥ್ಯೂ ಫೋನ್ ಹಿಡಿದು ನಿಂತಿದ್ದಾರೆ. ಬೆನೆಡಿಕ್ಟಾರ ಮಗಳು ಶರೋನ್ ತನ್ನ ಫೋನನ್ನು ಅಮ್ಮನ ಕಿವಿಯ ಬಳಿ ಇಟ್ಟಿದ್ದಾಳೆ. ಅದರ ಈಚೆ ತುದಿಯಲ್ಲಿ ಆಂಡ್ರ್ಯೂ.

ಅಕ್ಕನ ಮುಖ ಪರದೆಯ ಮೇಲೆ ಬರುತ್ತದೆ. ಆಂಡ್ರ್ಯೂ ಫೋನನ್ನು ಬಾಯಿಯ ಹತ್ತಿರ ತರುತ್ತಾರೆ. ಅಷ್ಟರಲ್ಲಿ ಚಿತ್ರ ಸಿಕ್ಕಿಕೊಳ್ಳುತ್ತದೆ.

"ಎಲ್ಲರೂ ಕಾಯ್ತಾ ಇದ್ದಾರೆ. ಮುಚ್ಚುವುದಾ?" ಮ್ಯಾಥ್ಯೂ ಪಿಸುಗುಟ್ಟುತ್ತಾರೆ.

"ಬೇಡ," ಎನ್ನುತ್ತಾರೆ ಕಜೆಟನ್. "ಇನ್ನೂ ಹೇಳಿ ಆಗಿಲ್ಲ."

ತುಂಬಿದ ಇಗರ್ಜಿ ಮಂಚದ ಮೇಲಿನ ಒಬ್ಬನಿಗಾಗಿ ಕಾಯುತ್ತದೆ. ಚಿತ್ರ ಮತ್ತೆ ಚಲಿಸುತ್ತದೆ. ಬೆನೆಡಿಕ್ಟಾ ದಿನಾ ಸಂಜೆ ಫೋನ್ ಮಾಡಿ ತಮ್ಮನನ್ನು ಕೇಳುತ್ತಿದ್ದದ್ದು ಒಂದೇ ಮಾತು, ಊಟ ಆಯ್ತಾ ಎಂದು. ಮೊನ್ನೆಯಿಂದ ಗಂಜಿಯನ್ನೂ ಮುಟ್ಟದ ಆಂಡ್ರ್ಯೂ ಕೊನೆಗೂ ಬಾಯಿ ತೆರೆಯುತ್ತಾರೆ.

"ಅಕ್ಕಾ, ನನ್ನದು ಊಟ ಆಯ್ತು. ನೀನು ಹೊರಡು."

ಕಜೆಟನ್ ಫೋನಿನಲ್ಲಿ "ಆಯ್ತು" ಎನ್ನುತ್ತಾರೆ. ಮುಚ್ಚಳ ಇಳಿಯುವುದನ್ನು ಅವರು ನೋಡುವುದಿಲ್ಲ. ಜಗಲಿಗೆ ಬಂದು ಕಂಬಕ್ಕೆ ಒರಗಿ ನಿಲ್ಲುತ್ತಾರೆ. ಕಣ್ಣು ಒರೆಸಿಕೊಳ್ಳಲು ಅವರಿಗೆ ಯಾವ ಸಂಕೋಚವೂ ಇಲ್ಲ.

"ಸತ್ತವರಿಗೆ ಎಂತ ಕೇಳುತ್ತದೆ ಅಂತ ನೀವು ಹೇಳಬಹುದು. ಮುಖ ತೆರೆದಿರುವಾಗ ಹೇಳಿದ್ದು ಕೇಳುತ್ತದೆ ಅಂತ ನನ್ನ ನಂಬಿಕೆ. ಇವರದ್ದು ಕೇಳಿತು." ಒಳಗೆ ಆಂಡ್ರ್ಯೂ ಅಳುವುದು ಕೇಳಿಸುತ್ತದೆ. ಕಜೆಟನ್ ದನಿ ತಗ್ಗಿಸುತ್ತಾರೆ. "ನನಗೆ ದೊಡ್ಡ ಆಸೆ ಎಂತದ್ದೂ ಇಲ್ಲ. ಎಲ್ಲಾ ಇಗರ್ಜಿಗಳಲ್ಲಿಯೂ ಮುಚ್ಚುವ ಮೊದಲು ಒಮ್ಮೆ ಕೇಳಿದರೆ ಸಾಕು, 'ದೂರದವರದ್ದು ಹೇಳಿ ಆಯ್ತಾ?' ಅಂತ."