ಹದಿನಾಲ್ಕು ಜನರ ಕಾರು

ಒಂದು ಗುಟ್ಟು ಹೇಳುತ್ತೇನೆ, ನಗಬೇಡಿ. ಸುಮಾರು ಇಪ್ಪತ್ತು ವರ್ಷ ನಮ್ಮ ಬಳಗದವರು ಯಾರು ಫೋನ್ ಮಾಡಿದರೂ ಮೊದಲು ವಿಚಾರಿಸುತ್ತಿದ್ದದ್ದು ನನ್ನ ಕಾರಿನ ಆರೋಗ್ಯವನ್ನು. ನನ್ನದು ಆಮೇಲೆ, ನೆನಪಾದರೆ. ಇದರಿಂದ ನನಗೆ ಎಳ್ಳಷ್ಟೂ ಬೇಸರವಿರಲಿಲ್ಲ. ಕಾರು ಚೆನ್ನಾಗಿದ್ದರೆ ನಾನೂ ಚೆನ್ನಾಗಿದ್ದೇನೆ ಎಂದೇ ತಿಳಿದುಕೊಂಡಿದ್ದೆ. ಅದು ಕೆಟ್ಟು ಮೆಕ್ಯಾನಿಕ್ ಬಳಿ ಮಲಗಿದ ದಿನಗಳಲ್ಲಿ ಮಾತ್ರ ಮನೆ ಭಣಗುಡುತ್ತಿತ್ತು, ಭಾನುವಾರ ಇಷ್ಟು ಉದ್ದ ಯಾಕಿದೆ ಎನ್ನಿಸುತ್ತಿತ್ತು.

ಕಾರಿನ ಕಂಪನಿಯ ಹೆಸರು ಹೇಳುವುದಿಲ್ಲ. ಅದರ ಆಗಿನ ನಡವಳಿಕೆ ಕೇಳಿದರೆ ಕಂಪನಿಯವರಿಗೆ ಬೇಜಾರಾದೀತು, ಅದರಲ್ಲಿ ಅವರ ತಪ್ಪೇನೂ ಇಲ್ಲ. ಡಾಕ್ಟರೊಬ್ಬರು ಹತ್ತು ವರ್ಷ ಓಡಿಸಿ ದಣಿಸಿದ ಮೇಲೆ ನನ್ನ ಕೈಗೆ ಬಂದದ್ದು. ಬಂದದ್ದು ಗೌರಿ ಹಬ್ಬದ ದಿನ. ಅಮ್ಮ ಬಸವನಗುಡಿಯ ನಮ್ಮ ಬಾಡಿಗೆ ಮನೆಯ ಗೇಟಿನಲ್ಲಿ ನಿಂತು ಆರತಿ ಎತ್ತಿ, ಮನೆಗೆ ಬಂದ ಸೊಸೆಯನ್ನು ಕರೆದುಕೊಳ್ಳುವ ಹಾಗೆ “ಬಾರಮ್ಮ ಗೌರಿ” ಎಂದಳು. ಅಲ್ಲಿಂದ ಅದಕ್ಕೆ ಅದೇ ಹೆಸರು. ನನಗೆ ಮದುವೆಯಾಗಲಿಲ್ಲ, ಹೀಗಾಗಿ ಆ ಆರತಿಯನ್ನು ಅಮ್ಮ ಇನ್ನೊಮ್ಮೆ ಎತ್ತಬೇಕಾಗಿಯೂ ಬರಲಿಲ್ಲ.

ಆಗ ನಮ್ಮ ಬಳಗದಲ್ಲಿ ಕಾರಿದ್ದದ್ದು ನನಗೊಬ್ಬನಿಗೇ. ಮಲ್ಲೇಶ್ವರದಲ್ಲಿ ಅಕ್ಕನ ಮನೆಯವರು ಐದು ಜನ, ಹನುಮಂತನಗರದಲ್ಲಿ ದೊಡ್ಡಮ್ಮನ ಮಗನ ಮನೆಯವರು ನಾಲ್ಕು, ಚಾಮರಾಜಪೇಟೆಯಲ್ಲಿ ಚಿಕ್ಕಪ್ಪನ ಮನೆಯವರು ನಾಲ್ಕು, ನಾನೊಬ್ಬ. ಅಮ್ಮ ಹೋದ ಮೇಲೆ ಒಟ್ಟು ಹದಿನಾಲ್ಕು. ಬಾಣಂತಿಯನ್ನು ಆಸ್ಪತ್ರೆಯಿಂದ ಕರೆತರುವುದು, ಹುಡುಗಿ ನೋಡಲು ಹೋಗುವುದು, ನೋಡಿ ಒಪ್ಪದೆ ಬಂದು ದಾರಿಯಲ್ಲಿ ಕಾಫಿ ಕುಡಿಯುವುದು, ಬೀಗರನ್ನು ಮೆಜೆಸ್ಟಿಕ್ಕಿಗೆ ಬಿಡುವುದು, ಎಲ್ಲಕ್ಕೂ ಗೌರಿ. ಮಕ್ಕಳು ನನ್ನನ್ನು ಕಾರು ಮಾಮ ಎಂದೇ ಕರೆಯುತ್ತಿದ್ದರು. ಕೂರುವುದಕ್ಕೂ ಒಂದು ಕ್ರಮವಿತ್ತು. ಮುಂದಿನ ಸೀಟು ಬೀಗರಿಗೆ ಅಥವಾ ಮುನಿಸಿಕೊಂಡವರಿಗೆ, ಹಿಂದೆ ಹೆಂಗಸರು, ಅವರ ಮಡಿಲಲ್ಲಿ ಮಕ್ಕಳು, ಮಕ್ಕಳ ಮಡಿಲಲ್ಲಿ ಹೂವಿನ ಬುಟ್ಟಿ. ಒಮ್ಮೆ ಒಂಬತ್ತು ಜನ ಕೂತು ಮಲ್ಲೇಶ್ವರ ಮುಟ್ಟಿದ್ದೇವೆ. ಒಂಬತ್ತನೆಯವರು ಎಲ್ಲಿದ್ದರು ಎಂಬುದು ಇಳಿಯುವಾಗಲೇ ತಿಳಿದದ್ದು.

ಜಗಳವಾಗದಿರಲೆಂದು ಅಮ್ಮ ಒಂದು ಕಾನೂನು ಮಾಡಿದ್ದಳು. ಅಡುಗೆಮನೆ ಬಾಗಿಲ ಪಕ್ಕ ಗಾಂಧಿಬಜಾರಿನ ದಿನಸಿ ಅಂಗಡಿಯವರು ಕೊಟ್ಟ ದೊಡ್ಡ ಚೌಕಗಳ ಕ್ಯಾಲೆಂಡರು, ಅದಕ್ಕೆ ದಾರ ಕಟ್ಟಿದ ಪೆನ್ಸಿಲು. ಯಾರಿಗೆ ಯಾವ ದಿನ ಕಾರು ಬೇಕೋ ಅವರ ಹೆಸರು ಆ ಚೌಕದಲ್ಲಿ. ಕೇಳುವುದಕ್ಕೂ ಒಂದು ಪದ್ಧತಿ ಬೆಳೆದುಬಿಟ್ಟಿತ್ತು. ಕಾರು ಬೇಕಿತ್ತು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. “ಮಾಮ, ಶನಿವಾರ ಗೌರಿ ಬಿಡುವಾಗಿದ್ದಾಳಾ?” ಎನ್ನುತ್ತಿದ್ದರು. ನಾನು ಕ್ಯಾಲೆಂಡರನ್ನು ಗಂಭೀರವಾಗಿ ನೋಡಿ, ಸ್ವಲ್ಪ ಕಾಯಿಸಿ, ಇದ್ದಾಳೆ ಎನ್ನುತ್ತಿದ್ದೆ. ಆ ಸ್ವಲ್ಪ ಕಾಯಿಸುವುದರಲ್ಲಿ ನನಗಿದ್ದ ಸುಖವನ್ನು ಈಗ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ನಮ್ಮ ಬಡಾವಣೆಯನ್ನು ಕಟ್ಟಿದವರು ಪ್ಲೇಗಿಗೆ ಹೆದರಿ ಕಟ್ಟಿದರಂತೆ. ಗಾಳಿ ಬೆಳಕು ಚೆನ್ನಾಗಿ ಬರಲಿ ಎಂದು ರಸ್ತೆಗಳನ್ನು ಅಗಲ ಮಾಡಿ, ಮರ ನೆಟ್ಟು, ಗೇಟುಗಳನ್ನು ಮಾತ್ರ ಜಟಕಾದಿಂದ ಇಳಿದು ಬರುವವರ ಅಳತೆಗೆ ಇಟ್ಟರು. ಮುಂದೊಂದು ದಿನ ಮನೆಗೊಂದು ಕಾರು ಬಂದು ಈ ಗೇಟಿನಲ್ಲಿ ಹಿಡಿಯದೆ ಮರದ ಕೆಳಗೆ ನಿಂತೀತು ಎಂದು ಅವರಾದರೂ ಹೇಗೆ ಊಹಿಸಿಯಾರು? ನಾನಂತೂ ಊಹಿಸಿರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತಿದ್ದ ಹಾಗೆ ಬ್ಯಾಂಕಿನವರು ಕರೆದು ಕರೆದು ಸಾಲ ಕೊಡತೊಡಗಿದರು. ದೊಡ್ಡಮ್ಮನ ಮಗ ಮೊದಲು ಕಾರು ತಂದ. ನಾನೇ ಹೋಗಿ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಬಂದೆ. ಆಮೇಲೆ ಚಿಕ್ಕಪ್ಪನ ಮನೆಯವರು, ಆಮೇಲೆ ಅಕ್ಕನ ಮಗಳು ವಸುಧಾ. ಅವಳಂತೂ ಹುಟ್ಟಿದ ಹತ್ತನೇ ದಿನ ಗೌರಿಯಲ್ಲಿ ಮನೆಗೆ ಬಂದವಳು, ಗೌರಿಯ ಗೇರಿನ ಮೇಲೆಯೇ ಡ್ರೈವಿಂಗ್ ಕಲಿತವಳು. ಅವಳ ಕಾರಿಗೂ ನಿಂಬೆಹಣ್ಣು ಇಟ್ಟೆ. ಖುಷಿಯಾಗಿಯೇ ಇಟ್ಟೆ. ಅದರ ಅರ್ಥವೇನು ಎನ್ನುವುದು ಕ್ಯಾಲೆಂಡರು ನೋಡಿದಾಗ ತಿಳಿಯಿತು. ಚೌಕಗಳು ಒಂದೊಂದಾಗಿ ಖಾಲಿಯಾಗುತ್ತಾ ಬಂದವು. ಕೊನೆಗೆ ಅದರಲ್ಲಿ ಗ್ಯಾಸ್ ಸಿಲಿಂಡರ್ ಬಂದ ದಿನ ಮಾತ್ರ ಬರೆದಿರುತ್ತಿತ್ತು. ಪೆನ್ಸಿಲನ್ನು ಮಾತ್ರ ನಾನು ಪ್ರತಿ ಜನವರಿಯಲ್ಲಿ ಚೂಪು ಮಾಡಿ ಕಟ್ಟುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಚಾಮರಾಜಪೇಟೆಯಲ್ಲಿ ಗೌರಿಯನ್ನು ಮೊದಲಿನಿಂದಲೂ ನೋಡಿಕೊಂಡಿದ್ದ ಮೆಕ್ಯಾನಿಕ್ ರಹಮತ್ ಸಾಬರು ಒಂದು ದಿನ ಕೈ ಒರೆಸಿಕೊಂಡು ಎದ್ದರು.

“ಓಡೋದು ಓಡ್ತಾಳೆ ಸಾರ್. ನಿಲ್ಲಲ್ಲ, ಅಷ್ಟೆ.”

“ಇಪ್ಪತ್ತೈದು ವರ್ಷ ಓಡಿಸಿದೀನಲ್ಲ ಸಾಬ್ರೇ, ಸವೆದಿರತ್ತೆ.”

“ಓಡಿಸಿ ಹಾಳಾಗಿದ್ದಲ್ಲ ಸಾರ್ ಇದು. ಈ ಐದು ವರ್ಷ ಸುಮ್ನೆ ನಿಂತ್ಕೊಂಡಿತ್ತಲ್ಲ, ಅದಕ್ಕೆ ಹಾಳಾಗಿರೋದು.”

ಕಾರಿನ ವಿಷಯ ಹೇಳಿದರೋ ನನ್ನ ವಿಷಯವೋ ಎಂದು ಒಂದು ಕ್ಷಣ ಅನುಮಾನವಾಯಿತು. ಅವರು ಮತ್ತೆ ಬಗ್ಗಿ ಬ್ರೇಕನ್ನೇ ನೋಡುತ್ತಿದ್ದರು, ಹೀಗಾಗಿ ಸಮಾಧಾನ ಮಾಡಿಕೊಂಡೆ.

ಹೊಸ ಕಾರು ಕೊಳ್ಳುವುದೆಂದು ನಿಶ್ಚಯವಾಯಿತು. ನಂಬುವಂಥದ್ದು, ಬಾಳಿಕೆ ಬರುವಂಥದ್ದು, ಸಂಸಾರಕ್ಕೆ ಆಗುವಂಥದ್ದು. ನಾನು ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವವನು, ಅಳತೆಯಿಲ್ಲದೆ ಒಂದು ಬದನೆಕಾಯಿಯನ್ನೂ ಕೊಂಡವನಲ್ಲ. ಶೋರೂಮಿಗೆ ಟೇಪು ತೆಗೆದುಕೊಂಡೇ ಹೋದೆ. ಭಾವನ ಮಂಡಿಗೆ ಎಷ್ಟು ಜಾಗ, ಚಿಕ್ಕಮ್ಮ ಸೀರೆ ನೆರಿಗೆ ಹಿಡಿದು ಹತ್ತಲು ಎಷ್ಟು ಎತ್ತರ, ಎರಡು ಮೊರದ ಬಾಗಿನ ಹಿಂದಿನ ಸೀಟಿನಲ್ಲಿ ಅಲುಗಾಡದೆ ಕೂರುತ್ತದೆಯೇ, ಎಲ್ಲ ಅಳೆದೆ. ಟೈ ಕಟ್ಟಿದ್ದ ಸೇಲ್ಸ್‌ಮನ್ ನನ್ನನ್ನು ದರ್ಜಿಯೆಂದುಕೊಂಡನೋ ಏನೋ, ತಾಳ್ಮೆಯಿಂದಲೇ ನಿಂತಿದ್ದ. ಅಳತೆಯೆಲ್ಲ ಮುಗಿದ ಮೇಲೆ ಒಂದು ಫಾರಂ ತೆಗೆದ.

“ಫ್ಯಾಮಿಲಿಯಲ್ಲಿ ಎಷ್ಟು ಜನ ಸಾರ್?”

“ಹದಿನಾಲ್ಕು,” ಎಂದೆ.

ಅವನು ಕಣ್ಣರಳಿಸಿ, ಒಂದು ನಿಮಿಷ ಸಾರ್ ಎಂದು ಒಳಗೆ ಹೋಗಿ, ಸ್ಕೂಲು ಮಕ್ಕಳನ್ನು ತುಂಬಿಕೊಂಡು ಹೋಗುತ್ತದಲ್ಲ, ಅಂಥ ಒಂದು ವ್ಯಾನಿನ ಚಿತ್ರ ತಂದ. ಎಷ್ಟು ಉತ್ಸಾಹದಿಂದ ತೋರಿಸಿದನೆಂದರೆ ನಿಜ ಹೇಳಲು ನನಗೆ ಸಂಕಟವಾಯಿತು. ಅಷ್ಟೂ ಜನ ಒಂದೇ ಮನೆಯಲ್ಲಿಲ್ಲ, ಅವರವರ ಮನೆಯಲ್ಲಿದ್ದಾರೆ, ಅವರವರಿಗೆ ಕಾರಿದೆ ಎಂದು ತಡವರಿಸಿದೆ. “ಹಂಗಾದ್ರೆ ಈ ಕಾರಲ್ಲಿ ದಿನಾ ಓಡಾಡೋರು ಎಷ್ಟು ಜನ ಸಾರ್?” ಎಂದ. ಒಬ್ಬ ಎಂದೆ. ಅವನು ಹದಿನಾಲ್ಕರ ನಾಲ್ಕನ್ನು ಹೊಡೆದುಹಾಕಿದ. ಉಳಿದ ಆ ಒಂದನ್ನು ನೋಡಿ, ಐವತ್ತಾರು ವರ್ಷದ ನನಗೆ, ಏರ್ ಕಂಡೀಶನ್ ಹಾಕಿದ ಶೋರೂಮಿನಲ್ಲಿ ಅಳು ಬಂತು. ಟೇಪನ್ನು ಸುತ್ತುವ ನೆಪ ಮಾಡಿಕೊಂಡು ತಲೆ ಬಗ್ಗಿಸಿದೆ.

ಅಷ್ಟಕ್ಕೆ ಬುದ್ಧಿ ಬರಲಿಲ್ಲ. ಮನೆಗೆ ಬಂದು ಎಲ್ಲರಿಗೂ ಫೋನ್ ಮಾಡಿ ಯಾವ ಕಾರು ತೆಗೆದುಕೊಳ್ಳಲಿ ಎಂದು ಸಲಹೆ ಕೇಳಿದೆ. ನಿಮ್ಮ ಮುಂದೆ ಮುಚ್ಚುಮರೆ ಯಾಕೆ? ಸಲಹೆ ನನಗೆ ಬೇಕಿರಲಿಲ್ಲ. ಎಲ್ಲರೂ ಕೂರುವಂಥದ್ದು ತಗೋ ಎಂದು ಯಾರಾದರೂ ಒಬ್ಬರು ಹೇಳಲಿ ಎಂದು ಬಯಸಿದ್ದೆ. ಒಬ್ಬರು ಸಾಕಿತ್ತು. ದೊಡ್ಡಮ್ಮನ ಮಗ ಮೈಲೇಜಿನ ಬಗ್ಗೆ ಮಾತಾಡಿದ. ಚಿಕ್ಕಪ್ಪ ಮಾರಿದರೆ ಎಷ್ಟು ಬರುತ್ತದೆ ನೋಡಿಕೋ ಎಂದರು. ಭಾವ ಪೇಪರಿನಲ್ಲಿ ಬಂದ ಜಾಹೀರಾತನ್ನು ಪೂರ್ತಿ ಓದಿ ಹೇಳಿದರು. ಅಕ್ಕನದು ಒಂದೇ ಮಾತು: “ನಿನಗೊಬ್ಬನಿಗೆ ಯಾಕೋ ದೊಡ್ಡ ಕಾರು? ಸಣ್ಣದು ತಗೋ, ಗೇಟಿನೊಳಗೆ ಹಿಡಿಯತ್ತೆ.” ಎಲ್ಲರೂ ನನ್ನ ಒಳ್ಳೆಯದಕ್ಕೇ ಹೇಳಿದರು. ಫೋನು ಇಟ್ಟ ಮೇಲೆ ನಾನು ತುಂಬ ಹೊತ್ತು ಅದರ ಪಕ್ಕದಲ್ಲೇ ಕೂತಿದ್ದೆ. ನನ್ನ ಕಾರಿನಲ್ಲಿ ಒಂದು ಸೀಟು ಬೇಕೆನ್ನುವವರು ಇನ್ನು ಯಾರೂ ಇಲ್ಲ, ಅಷ್ಟೇ ವಿಷಯ.

ಸಣ್ಣದನ್ನೇ ಬುಕ್ ಮಾಡಿದೆ. ನಾಲ್ಕು ಬಾಗಿಲು ಮಾತ್ರ ಇರಲೇಬೇಕೆಂದು ಹಟ ಹಿಡಿದೆ. ಎಷ್ಟು ಬಾಳಿಕೆ ಬರುತ್ತದೆ ಎಂದು ಕೇಳಿದ್ದಕ್ಕೆ ಹದಿನೈದು ವರ್ಷ ಆರಾಮಾಗಿ ಎಂದ ಸೇಲ್ಸ್‌ಮನ್. ಮನಸ್ಸಿನಲ್ಲೇ ಕೂಡಿ ನೋಡಿದೆ, ಎಪ್ಪತ್ತೊಂದು. ಕಾರೋ ನಾನೋ ಯಾರು ಮೊದಲು ಎಂದು ಅವನನ್ನು ಕೇಳುವುದು ಚೆನ್ನಾಗಿರುವುದಿಲ್ಲವೆಂದು ರಸೀತಿ ಮಡಿಸಿ ಜೇಬಿಗಿಟ್ಟೆ. ಮೂರು ವಾರ ಕಾಯಬೇಕಿತ್ತು. ಗೌರಿಯನ್ನು ರಹಮತ್ ಸಾಬರೇ ತೆಗೆದುಕೊಂಡರು. ಅವರು ತಳ್ಳಿಕೊಂಡು ಹೋಗುವಾಗ ನಾನು ಕ್ಯಾಲೆಂಡರಿನ ಪೆನ್ಸಿಲು ಚೂಪು ಮಾಡುತ್ತಾ ಒಳಗೇ ಇದ್ದೆ.

ಆ ಮೂರು ವಾರದ ನಡುವೆಯೇ ಗೌರಿ ಹಬ್ಬ ಬಂತು. ಹಬ್ಬಕ್ಕೆ ಅಕ್ಕನಿಗೆ ತವರಿನ ಬಾಗಿನ ಹೋಗಬೇಕು. ಅಮ್ಮ ಹೋದ ಮೇಲೆ ಅಕ್ಕನಿಗೆ ತವರು ಎಂದರೆ ನಾನೇ, ಮತ್ತು ನನ್ನ ಬಾಡಿಗೆ ಮನೆ. ಎರಡು ಮೊರ, ಅದರೊಳಗೆ ಅಕ್ಕಿ ಬೇಳೆ ಬೆಲ್ಲ, ಬಳೆ ಬಿಚ್ಚೋಲೆ, ತೆಂಗಿನಕಾಯಿ, ರವಿಕೆ ಕಣ. ಒಂದರ ಮೇಲೆ ಒಂದು ಮುಚ್ಚಿ, ಒಂದು ಕಾಳೂ ಚೆಲ್ಲದ ಹಾಗೆ ಒಯ್ಯಬೇಕು. ಅದನ್ನು ಎತ್ತಿಕೊಂಡು ಹಬ್ಬದ ಮುಂಚಿನ ದಿನ ಗಾಂಧಿಬಜಾರಿನ ನೂಕುನುಗ್ಗಲಿನಲ್ಲಿ ನಿಂತೆ. ಬಾಳೆಕಂದು ಹೊತ್ತವರ ನಡುವೆ ಎರಡು ಬಸ್ಸು ಬಿಟ್ಟೆ. ಮಲ್ಲೇಶ್ವರ ಎಂದ ಕೂಡಲೇ ಮೂರು ಆಟೋದವರು ಮುಖ ತಿರುಗಿಸಿದರು. ತುಂತುರು ಮಳೆ ಶುರುವಾಯಿತು. ಮೊರಕ್ಕೆ ಅಂಗವಸ್ತ್ರ ಹೊದಿಸಿ ಮನೆಗೆ ವಾಪಸು ಬಂದೆ.

ವಸುಧಾಳಿಗೆ ಫೋನ್ ಮಾಡುವುದು ಬಿಟ್ಟರೆ ದಾರಿಯಿರಲಿಲ್ಲ. ಇಷ್ಟು ವರ್ಷದಲ್ಲಿ ಕಾರು ಬೇಕೆಂದು ನಾನು ಯಾರನ್ನೂ ಕೇಳಿದವನಲ್ಲ. ಕೇಳುವುದು ಹೇಗೆಂದೇ ಗೊತ್ತಿರಲಿಲ್ಲ. ಎರಡು ಸಲ ನಂಬರು ಒತ್ತಿ ಅರ್ಧಕ್ಕೇ ಇಟ್ಟೆ. ಮೂರನೆಯ ಸಲ ಅವಳು ಹಲೋ ಎಂದ ಕೂಡಲೇ ಬಾಯಿಂದ ನಮ್ಮ ಮನೆಯ ಹಳೆಯ ವಾಕ್ಯವೇ ಬಂದುಬಿಟ್ಟಿತು.

“ವಸು, ನಾಳೆ ಬೆಳಿಗ್ಗೆ ನಿನ್ನ ಕಾರು ಬಿಡುವಾಗಿದೆಯಾ?”

ನನ್ನ ಹಾಗೆ ಅವಳೂ ಕಾಯಿಸುತ್ತಿದ್ದಾಳೇನೋ ಎಂದುಕೊಂಡೆ. ಆಮೇಲೆ ಜೋರಾಗಿ ನಕ್ಕಳು. “ಮಾಮಾ! ಆರೂವರೆಗೆ ಬರ್ಲಾ? ರೆಡಿ ಇರು.”

ಬಂದಳು. ಬಾಗಿನ ಹಿಂದಿನ ಸೀಟಿನಲ್ಲಿ ಕೂತಿತು, ನಾನು ಮುಂದೆ, ಬೀಗರ ಜಾಗದಲ್ಲಿ. ಎಡಗಡೆ ಕೂತು ಬೆಂಗಳೂರು ನೋಡಿದ್ದೇ ಇಲ್ಲ ನಾನು. ಅವಳು ಪ್ರತಿ ತಿರುವಿನಲ್ಲಿ ಬ್ರೇಕು ಹಾಕುವ ಮುಂಚೆಯೇ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ, ಎದುರಿನ ಕೆಂಪು ದೀಪವನ್ನೇ ನೋಡುತ್ತಾ ಹೇಳಿದಳು: “ಗೌರಿ ಬಿಡುವಾಗಿದ್ದಾಳಾ ಅಂತ ಕೇಳೋದು ನಿಂತ್ಹೋದ ಮೇಲೆ ನಿಂಗೆ ಏನಂತ ಫೋನ್ ಮಾಡೋದು ಅಂತಾನೇ ತಿಳೀಲಿಲ್ಲ ಮಾಮ. ಬರೀ ಹೇಗಿದೀಯ ಅಂದ್ರೆ ಚೆನ್ನಾಗಿದೀನಿ ಅಂತೀಯ, ಇಟ್ಬಿಡ್ತೀಯ. ನೀನಂತೂ ಯಾವತ್ತೂ ಏನೂ ಕೇಳಲ್ಲ.”

ಇಪ್ಪತ್ತು ವರ್ಷ ಇವರಿಗೆಲ್ಲ ನಾನು ಉಪಕಾರ ಮಾಡುತ್ತಿದ್ದೇನೆ ಎಂದು ಬೀಗಿದ್ದೆ. ಕೇಳಿ ಕೇಳಿ ನಾನು ಒಂಟಿಯಾಗದಂತೆ ನೋಡಿಕೊಂಡಿದ್ದವರು ಅವರು. ಅವರು ಕೇಳುವುದು ನಿಂತ ಮೇಲಾದರೂ ನಾನು ಕೇಳಬಹುದಿತ್ತು, ಪೆನ್ಸಿಲು ಚೂಪು ಮಾಡಿಕೊಂಡು ಕೂತೆ.

ಅಕ್ಕ ಬಾಗಿನಕ್ಕೆ ಅರಿಶಿನ ಕುಂಕುಮ ಹಚ್ಚಿ ಕಣ್ಣಿಗೊತ್ತಿಕೊಂಡಳು. ಕಾಫಿ ಲೋಟ ಇಡಲು ಅಡುಗೆಮನೆಗೆ ಹೋದೆ. ಫ್ರಿಜ್ಜಿನ ಪಕ್ಕ ಒಂದು ಕ್ಯಾಲೆಂಡರಿತ್ತು. ಆ ದಿನದ ಚೌಕದಲ್ಲಿ ವಸುಧಾಳ ಅಕ್ಷರದಲ್ಲಿ ‘ಮಾಮ, 6.30’ ಎಂದಿತ್ತು. ಇಷ್ಟು ವರ್ಷ ಎಲ್ಲರ ಹೆಸರನ್ನೂ ಚೌಕದಲ್ಲಿ ಓದಿದವನು ನಾನು, ನನ್ನ ಹೆಸರನ್ನು ನೋಡಿರಲಿಲ್ಲ. ಕೆಳಗಿನ ಎರಡು ಶನಿವಾರಗಳಲ್ಲೂ ‘ಮಾಮ’ ಎಂದು ಬರೆದು ಮುಂದೆ ಒಂದು ಪ್ರಶ್ನೆಚಿಹ್ನೆ ಹಾಕಿದ್ದಳು. ಅಲ್ಲೇ ಇದ್ದ ಪೆನ್ಸಿಲಿನ ಹಿಂದಿದ್ದ ರಬ್ಬರಿನಿಂದ ಎರಡೂ ಪ್ರಶ್ನೆಚಿಹ್ನೆಗಳನ್ನು ಅಳಿಸಿದೆ.

ಮರುದಿನವೋ ಅದರ ಮಾರನೆಯ ದಿನವೋ ಶೋರೂಮಿನಿಂದ ಫೋನು ಬಂತು. ಸೇಲ್ಸ್‌ಮನ್ ಬಹಳ ಸಂಕೋಚಪಟ್ಟುಕೊಂಡು, ಹಬ್ಬದ ಬುಕಿಂಗ್ ಜಾಸ್ತಿಯಾಗಿದೆ, ಗಾಡಿ ಎರಡು ವಾರ ಲೇಟಾಗುತ್ತದೆ, ತುಂಬ ಸಾರಿ ಸಾರ್ ಎಂದ.

“ಅವಸರ ಏನಿಲ್ಲಪ್ಪ,” ಎಂದೆ. “ದೀಪಾವಳಿ ಕಳೆದ ಮೇಲೆ ಕೊಟ್ರೂ ನಡೆಯತ್ತೆ.”