ತುಂಬೆಗೆ ಪೊರಕೆ ಕಾವಲು

ಬ್ಯಾಡರಹಳ್ಳಿಯ ಬಡಾವಣೆಯೊಂದರ ಪಾರ್ಕು. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಿಂಬದಿಯ ಇಳಿಜಾರಿನಲ್ಲಿ ಮುನಿತಾಯಮ್ಮ ಸೀರೆ ಎತ್ತಿ ಕಟ್ಟಿ, ಹಸಿರು ಕೋಟಿನ ತೋಳು ಮಡಚಿ, ಪೊರಕೆ ಹಿಡಿದು ನಿಂತಿದ್ದಾರೆ. ಆದರೆ ಅವರು ಗುಡಿಸುತ್ತಿರುವುದು ನೆಲವನ್ನಲ್ಲ. ಮೊಣಕಾಲೆತ್ತರ ಬೆಳೆದ ತುಂಬೆ ಗಿಡಗಳ ಬಿಳಿ ಹೂಗಳ ಮೇಲೆ ಪೊರಕೆಯ ತುದಿಯನ್ನು ಸವರುತ್ತಾ ಹೋಗುತ್ತಿದ್ದಾರೆ. ಕೂಸಿನ ತಲೆ ನೇವರಿಸಿದಷ್ಟು ಹಗುರ. ಒಂದು ಹೂವೂ ಉದುರಬಾರದು, ಒಂದು ಗಿಡವೂ ತಪ್ಪಿಹೋಗಬಾರದು.

ಹೂವಿಗೆ ಪೊರಕೆಯೇ, ಅದೂ ಶಿವನಿಗೆ ಪ್ರಿಯವಾದ ತುಂಬೆಗೆ, ಅದೂ ಕಾರ್ತಿಕ ಸೋಮವಾರದ ದಿನ! ಶಿವ ಶಿವಾ ಎಂದು ಕೆನ್ನೆ ಬಡಿದುಕೊಳ್ಳುವ ಮೊದಲು ಅವರ ಮಾತು ಕೇಳಿ.

"ಪೊರಕೆ ತಾಕಿದ ಹೂವು ದೇವರಿಗೆ ಆಗಲ್ಲ ಅಲ್ವಾ? ಜೇನಿಗೆ ಆಗುತ್ತೆ. ಅದಕ್ಕೇ ತಾಕಿಸ್ತಾ ಇದೀನಿ."

ನಮ್ಮೂರಿನ ಬೆಳಗಿನ ವಾಕಿಂಗ್ ಗೊತ್ತಲ್ಲ, ಅದು ಬರೀ ಕಾಲಿಗೆ ಸಂಬಂಧಿಸಿದ್ದಲ್ಲ. ಜೇಬಿನಲ್ಲೊಂದು ಪ್ಲಾಸ್ಟಿಕ್ ಕವರ್ ಇರಲೇಬೇಕು. ಯಾರದೋ ಕಾಂಪೌಂಡಿನ ದಾಸವಾಳ, ಯಾರೋ ನೀರು ಹಾಕಿ ಬೆಳೆಸಿದ ನಂದಿಬಟ್ಟಲು, ಕೈಗೆಟುಕದ ಕಣಗಿಲೆಗೆ ಒಂದು ಕೊಕ್ಕೆ. ಕೇಳಿದರೆ "ದೇವರಿಗೆ" ಎನ್ನುತ್ತಾರೆ. ಅಲ್ಲಿಗೆ ಕೇಳಿದವರು ಬಾಯಿ ಮುಚ್ಚಿಕೊಳ್ಳಬೇಕು. ಮುನಿತಾಯಮ್ಮ ಮಾತ್ರ ಮುಚ್ಚಿಕೊಳ್ಳುತ್ತಿಲ್ಲ.

ಜಗಳ ಇರುವುದು ಹೊತ್ತಿನ ವಿಚಾರಕ್ಕೆ. ಈ ಇಳಿಜಾರಿಗೆ ಬಿಸಿಲು ಬೀಳುವುದು ತಡವಾಗಿ. ಬಿಸಿಲು ಬಿದ್ದ ಮೇಲೇ ಕೋಲುಜೇನು ಬರುತ್ತದೆ, ಹೊಟ್ಟೆಗೆ ನೀಲಿ ಪಟ್ಟೆ ಕಟ್ಟಿಕೊಂಡ ಒಂಟಿ ಜೇನು ಬರುತ್ತದೆ, ಅರಿಶಿನ ಬಣ್ಣದ ಪುಟ್ಟ ಚಿಟ್ಟೆಗಳು ಬರುತ್ತವೆ. ಹೂವಿನೊಳಗೆ ತಲೆ ತೂರಿಸಿ, ನೆತ್ತಿಗೆಲ್ಲ ಪರಾಗ ಮೆತ್ತಿಕೊಂಡು ಮುಂದಿನ ಹೂವಿಗೆ ಹಾರುತ್ತವೆ. ಹಾಗಾದರೆ ಬೀಜ, ಬೀಜವಾದರೆ ಮುಂದಿನ ಮಳೆಗೆ ಗಿಡ.

"ಇವರು ಬಿಸಿಲಿಗೆ ಮುಂಚೆ ಬರ್ತಾರೆ, ಅವು ಬಿಸಿಲು ಬಂದ್ಮೇಲೆ ಬರ್ತವೆ. ಅವು ಬರೋ ಹೊತ್ಗೆ ಊಟದ ಎಲೆನೇ ಎತ್ತಿಬಿಟ್ಟಿರ್ತಾರೆ. ಉಪವಾಸ ಇವರು ಮಾಡ್ತೀವಿ ಅಂತಾರೆ, ಮಾಡೋದು ಜೇನು," ಎಂದು ನಗುತ್ತಾರೆ ಮುನಿತಾಯಮ್ಮ. ನಗುವಿನಲ್ಲಿ ಸಿಟ್ಟೂ ಇದೆ.

ಬಡಾವಣೆ ಏಳುವ ಮೊದಲು ಇದು ರಾಗಿ ಹೊಲ. ಮದುವೆಯಾಗಿ ಪಕ್ಕದ ಹೇರೋಹಳ್ಳಿಗೆ ಬಂದ ಹೊಸತರಲ್ಲಿ ಅವರು ಇದೇ ಹೊಲದಲ್ಲಿ ಕೂಲಿಗೆ ಕಳೆ ಕಿತ್ತವರು. ಆಗ ತುಂಬೆಯೂ ಕಳೆಯೇ, ಕಿತ್ತಷ್ಟೂ ಬರುತ್ತಿತ್ತು. ಈಗ ಸುತ್ತ ಎಲ್ಲಿ ನೋಡಿದರೂ ಸೈಟು, ಸಿಮೆಂಟು. ಉಳಿದಿರುವುದು ಈ ಇಳಿಜಾರೊಂದೇ. ವಾಚ್‌ಮನ್ ಆಗಿದ್ದ ಗಂಡ ಮರಿಯಪ್ಪ ಮಂಡಿನೋವಿನಿಂದ ಮನೆ ಹಿಡಿದ ಮೇಲೆ ಸಂಸಾರ ನಿಂತಿರುವುದು ಇವರ ಈ ಪಾರ್ಕಿನ ಕೆಲಸದ ಮೇಲೆ. ಸಂಬಳ ಹೇಳಿದ ಹೊತ್ತಿಗೆ ಬರುವುದಿಲ್ಲ. ಕೈಗವಸು ಕೇಳಿ ಕೇಳಿ ಸಾಕಾಗಿ, ಈಗ ಹಳೇ ಸಾಕ್ಸನ್ನೇ ಕೈಗೆ ಹಾಕಿಕೊಂಡು ಮುಳ್ಳು ಎಳೆಯುತ್ತಾರೆ.

ಕೆಲಸಕ್ಕೆ ಸೇರಿದ ವರ್ಷ ಇವರೇ ಒಂದು ಎಡವಟ್ಟು ಮಾಡಿಕೊಂಡರು. ವಾಕಿಂಗ್ ಬರುವ ಆಂಟಿಯರು ಬಗ್ಗಲಾರರು ಎಂದು ಕಾರ್ತಿಕ ಸೋಮವಾರಗಳಲ್ಲಿ ತಾವೇ ತುಂಬೆ ಬಿಡಿಸಿ ಕವರ್ ತುಂಬಿಸಿ ಕೊಟ್ಟರು. "ಪುಣ್ಯ ಬರುತ್ತೆ ಅಂದ್ಕೊಂಡೆ. ಮುಂದಿನ ಮಳೆಗೆ ನೋಡ್ತೀನಿ, ತುಂಬೆ ಇದ್ದ ಕಡೆಯೆಲ್ಲಾ ಬರೀ ಪಾರ್ಥೇನಿಯಂ! ಒಂದು ಜೇನಿಲ್ಲ, ಒಂದು ಚಿಟ್ಟೆ ಇಲ್ಲ. ನನ್ ಕೈಯಾರೆ ನಾನೇ ಹಾಳು ಮಾಡಿದ್ದೆ."

ಮೂಲೆಯಲ್ಲಿ ಉಳಿದಿದ್ದ ನಾಲ್ಕಾರು ಗಿಡಗಳಿಂದ ಇಡೀ ಇಳಿಜಾರನ್ನು ಮತ್ತೆ ಬಿಳಿಯಾಗಿಸಲು ವರ್ಷಗಳೇ ಹಿಡಿದವು. ಬಿಸಿಲೇರಿದ ಮೇಲೆ ಬನ್ನಿ, ಜೇನು ಕೂತು ಹೋದ ಹೂವು ತಗೊಳ್ಳಿ ಎಂದು ಸಿಕ್ಕವರಿಗೆಲ್ಲ ಹೇಳಿದರು. ಯಾರು ಕೇಳುತ್ತಾರೆ? ಹೀಗಿರುವಾಗ ಈ ಕಾರ್ತಿಕದ ಮೊದಲ ಸೋಮವಾರ, ಗುಡಿಸುವಾಗ ಇವರ ಪೊರಕೆ ವಾಕಿಂಗ್ ಬಂದ ಅನಂತಲಕ್ಷ್ಮಿಯವರ ಹೂವಿನ ಕವರಿಗೆ ತಾಕಿಬಿಟ್ಟಿತು. ಅವರು ಅಷ್ಟೂ ತುಂಬೆಯನ್ನು ಅಲ್ಲೇ ಸುರಿದು ಮನೆಗೆ ನಡೆದರು. ಮುನಿತಾಯಮ್ಮನ ತಲೆಗೆ ಉಪಾಯ ಹೊಳೆದದ್ದು ಆಗಲೇ.

ಅನಂತಲಕ್ಷ್ಮಿ ಪಾರ್ಕಿನ ಎದುರು ಮನೆಯ ನಿವೃತ್ತ ಟೀಚರ್. ಕೆಟ್ಟವರೇನಲ್ಲ, ಚಳಿಗಾಲದಲ್ಲಿ ಮುನಿತಾಯಮ್ಮನನ್ನು ಕರೆದು ಕಾಫಿ ಕೊಟ್ಟವರು. "ಮದುವೆಯಾದಾಗಿನಿಂದ ಕಾರ್ತಿಕ ಸೋಮವಾರ ತುಂಬೆ ಹೂವು ತಪ್ಪಿಸಿಲ್ಲ ನಾನು. ಒಂದು ಬೊಗಸೆ ಹೂವಿಗೆ ಬೇಕಂತಲೇ ಪೊರಕೆ ಮುಟ್ಟಿಸ್ತಾಳೆ ಅಂದ್ರೆ ಸಂಕಟ ಆಗಲ್ವಾ ಹೇಳಿ," ಎನ್ನುತ್ತಾರೆ. ಅವರ ಸಂಕಟವೂ ಸುಳ್ಳಲ್ಲ. ದೂರು ಕೊಟ್ಟವರೂ ಅವರೇ.

ಭಾನುವಾರ ಸಂಜೆ ಪಾರ್ಕಿನ ಕಲ್ಲುಬೆಂಚಿನ ಬಳಿ ಪಂಚಾಯ್ತಿ ಸೇರುತ್ತದೆ. ಕೆಲಸದವರನ್ನು ನೋಡಿಕೊಳ್ಳುವ ಸೂಪರ್‌ವೈಸರ್ ಬಸವಕುಮಾರ್ ಮೊದಲೇ ಕಿವಿಯಲ್ಲಿ ಹೇಳಿಕೊಟ್ಟಿದ್ದಾನೆ: "ಎಲ್ಲರ ಮುಂದೆ ತಪ್ಪಾಯ್ತು ಅಂದ್ಬಿಡಕ್ಕ, ಮುಗೀತು. ಇಲ್ಲಾಂದ್ರೆ ನನ್ ಕೈಲಿ ಏನೂ ಇಲ್ಲ." ಮುನಿತಾಯಮ್ಮ ಎದ್ದು ನಿಂತು ಅನಂತಲಕ್ಷ್ಮಿಯವರಿಗೆ ಕೈ ಮುಗಿಯುತ್ತಾರೆ. ಎಲ್ಲರಿಗೂ ಸಮಾಧಾನ.

"ಕಾಫಿ ಕೊಟ್ಟ ತಾಯಿ ನೀವು. ಬೇಕಾದ್ರೆ ಕಾಲಿಗೆ ಬೀಳ್ತೀನಿ. ಆದ್ರೆ ತಪ್ಪಾಯ್ತು ಅನ್ನಲ್ಲಮ್ಮ, ತಪ್ಪು ಮಾಡಿಲ್ಲ. ನಿಮ್ ಶಿವನಿಗೆ ಬರೋ ವರ್ಷಾನೂ ತುಂಬೆ ಬೇಕು ತಾನೇ? ಬಿಸಿಲು ಬಂದ್ಮೇಲೆ ಬನ್ನಿ, ಪೊರಕೆ ತಾಕದ ಗಿಡ ಬಿಟ್ಟಿರ್ತೀನಿ, ನಾನೇ ಬಿಡಿಸಿ ಕೊಡ್ತೀನಿ. ಕತ್ತಲಲ್ಲಿ ಬಂದ್ರೆ ನಾಳೆನೂ ಪೊರಕೆ ಆಡಿಸ್ತೀನಿ."

ಸಭೆಯಲ್ಲಿ ಗದ್ದಲ ಏಳುತ್ತದೆ. ದೇವರ ವಿಷಯದಲ್ಲಿ ಎಷ್ಟು ಕೊಬ್ಬು ಎನ್ನುತ್ತಾರೆ ಯಾರೋ. ಕತ್ತಲಾಗುವುದರೊಳಗೆ ಬಸವಕುಮಾರ್ ಹಸಿರು ಕೋಟನ್ನೂ ಪೊರಕೆಯನ್ನೂ ವಾಪಸು ಇಸಿದುಕೊಳ್ಳುತ್ತಾನೆ. ಹೇರೋಹಳ್ಳಿಯ ಕಲ್ಯಾಣ ಮಂಟಪದಲ್ಲಿ ಪಾತ್ರೆ ತೊಳೆಯುವ ಕೆಲಸವಿದೆಯಂತೆ, ಮಧ್ಯಾಹ್ನದ ಮೇಲೆ. ಅದಕ್ಕೆ ಹೋಗುವುದೆಂದು ಮುನಿತಾಯಮ್ಮ ಗಂಡನಿಗೆ ಹೇಳುತ್ತಾರೆ. ಮರಿಯಪ್ಪ ಬೈಯುವುದಿಲ್ಲ, ಮರುದಿನ ಬೆಳಿಗ್ಗೆ, ಕೆಲಸವಿಲ್ಲದಿದ್ದರೂ ಇಷ್ಟು ಹೊತ್ತಿಗೇ ಯಾಕೆ ಎದ್ದೆ ಎಂದು ಮಾತ್ರ ಕೇಳುತ್ತಾರೆ.

ಅದು ಕಾರ್ತಿಕದ ಕೊನೆಯ ಸೋಮವಾರ. ಪಾರ್ಕಿನ ಗೇಟು ತೆರೆದದ್ದೇ ತಡ, ಮಗಳ ಹಳೇ ಶೂ ಹಾಕಿ, ಸೀರೆಯ ಮೇಲೆ ಸ್ವೆಟರ್ ತೊಟ್ಟ ಮುನಿತಾಯಮ್ಮ ಎಲ್ಲರಿಗಿಂತ ಮೊದಲು ಒಳಗೆ ಬರುತ್ತಾರೆ. ಕೈ ಬೀಸಿಕೊಂಡು ನೆಟ್ಟಗೆ ಇಳಿಜಾರಿಗೆ ನಡೆದು ತುಂಬೆಯ ಮುಂದೆ ನಿಲ್ಲುತ್ತಾರೆ. ಸ್ವಲ್ಪ ಹೊತ್ತಿಗೆ ಕವರ್ ಹಿಡಿದ ನಾಲ್ಕೈದು ಮಂದಿ ಬರುತ್ತಾರೆ, ಮುಂದೆ ಅನಂತಲಕ್ಷ್ಮಿ.

"ನಿನ್ನ ಕೆಲಸದಿಂದ ತೆಗೆದರಲ್ಲ, ಮತ್ತೆ ಇಲ್ಲೇನು?"

"ತೆಗೆದ್ರು ಕಣಮ್ಮ," ಎನ್ನುತ್ತಾರೆ ಮುನಿತಾಯಮ್ಮ, ನಿಂತಲ್ಲಿಂದ ಕದಲದೆ. "ಈಗ ನಾನೂ ನಿಮ್ ಥರಾನೇ ವಾಕಿಂಗ್ ಬಂದಿದೀನಿ. ದಿನಾ ಬರ್ತೀನಿ, ಬಿಸಿಲು ಬರೋ ತನಕ ಇಲ್ಲೇ ನಿಂತಿರ್ತೀನಿ. ವಾಕಿಂಗ್ ಬಂದೋರನ್ನ ಯಾರೂ ತೆಗೆಯೋಕಾಗಲ್ವಲ್ಲ."