ಎರಡು ಬಿಸಿಲು

ಒಂದು ಜ್ವಾಲಾಮುಖಿಯ ಫೋಟೋಗಾಗಿ ನಾನು ಇಂಡೋನೇಷ್ಯಾದ ಪುಟ್ಟ ದ್ವೀಪದಲ್ಲಿ ಮೂರು ದಿನ ಕಾದೆ. ಬೆಟ್ಟ ಮೋಡದೊಳಗಿಂದ ತಲೆಯನ್ನೇ ಎತ್ತಲಿಲ್ಲ. ನಾಲ್ಕನೇ ದಿನ ಒಬ್ಬ ಅಜ್ಜಿಯ ಅಂಗಳದಂಚಿನಲ್ಲಿ ಟ್ರೈಪಾಡ್ ಊರಿ ನಿಂತಿದ್ದಾಗ ಮೋಡ ಸರಿದು, ಹೊಗೆಯಾಡುವ ಶಿಖರ ಪೂರ್ತಿ ಕಾಣಿಸಿತು. ಅದೇ ಹೊತ್ತಿಗೆ ನನ್ನ ಕೈಮೇಲೆ ಒಂದು ಹನಿ ಬಿತ್ತು.

ಅಂಗಳದ ತುಂಬ ಕಾಫಿ ಬೀಜ ಒಣಗಲು ಹರವಿತ್ತು. ಕಾಫಿ ಸೀಮೆಯ ಆನೇಮಹಲಿನಲ್ಲಿ ಬೆಳೆದವನಿಗೆ ಹರವಿದ ಕಾಫಿಯ ಮೇಲೆ ಹನಿ ಬಿದ್ದರೆ ತಲೆಗಿಂತ ಮೊದಲು ಕಾಲು ಓಡುತ್ತದೆ. ಕ್ಯಾಮೆರಾ ಬಿಟ್ಟು ಓಡಿದೆ. ಅಜ್ಜಿ ಒಳಗಿಂದ ಬರುವಷ್ಟರಲ್ಲಿ ಅರ್ಧ ಕಾಫಿ ರಾಶಿ ಮಾಡಿದ್ದೆ. ಕಳ್ಳನೆಂದುಕೊಂಡಳೋ ಏನೋ, ಜೋರಾಗಿ ಕೂಗಿದಳು. ನಾನು ಆಕಾಶ ತೋರಿಸಿ, ಅಂಗಳದ ಮೂಲೆಯಲ್ಲಿದ್ದ ಟಾರ್ಪಾಲು ಎಳೆದೆ. ಮರುಕ್ಷಣ ಅವಳೂ ಟಾರ್ಪಾಲಿನ ಇನ್ನೊಂದು ತುದಿ ಹಿಡಿದಿದ್ದಳು. ಮುಚ್ಚಿ ತಿರುಗಿ ನೋಡಿದರೆ ಬೆಟ್ಟ ಮತ್ತೆ ಮಾಯ. ಕೊನೆಗೆ ನನಗೆ ಸಿಕ್ಕಿದ್ದು ಬೊಗಸೆ ತುಂಬ ಕಾಫಿ ಹಿಡಿದು ನಗುತ್ತ ನಿಂತ ಅಜ್ಜಿಯ ಫೋಟೋ ಮಾತ್ರ.

ಊರಿಗೆ ಬಂದು ಅದನ್ನು ಅವ್ವನಿಗೆ ತೋರಿಸಿ ಕಥೆಯೆಲ್ಲ ಹೇಳಿದೆ. ಅವ್ವ ಕನ್ನಡಕ ಏರಿಸಿ, ಫೋಟೋದಲ್ಲಿ ಆ ಬೊಗಸೆಯನ್ನಷ್ಟೇ ದೊಡ್ಡದು ಮಾಡಿ ನೋಡಿದಳು.

"ಇನ್ನೂ ಹಸಿ ಐತೆ ಕಣೋ. ಎರಡು ಬಿಸಿಲು ಬೇಕು. ಈಗ್ಲೇ ಮೂಟೆ ಕಟ್ಟಬ್ಯಾಡ ಅಂತ ಹೇಳ್ಬುಟ್ಟು ಬಂದ್ಯಾ?"

"ಅವಳ ಭಾಷೆ ನಂಗೆಲ್ಲಿ ಬತ್ತದೆ ಅವ್ವಾ?"

"ಆಕಾಶ ತೋರ್ಸಕ್ಕೆ ಬಂತಲ್ಲ, ಎರಡು ಬೆರಳು ತೋರ್ಸಕ್ಕೆ ಏನಾಗಿತ್ತು?"

ಬೆಟ್ಟ ಎಲ್ಲಿ ಎಂದು ಅವ್ವ ಇವತ್ತಿಗೂ ಕೇಳಿಲ್ಲ. ಆ ಅಜ್ಜಿಯ ಕಾಫಿ ಒಣಗಿತೋ ಇಲ್ಲವೋ ಎಂದು ಮಾತ್ರ ನಮ್ಮೂರಲ್ಲಿ ಮೋಡ ಕಟ್ಟಿದಾಗಲೆಲ್ಲ ಕೇಳುತ್ತಾಳೆ.